ಟೈಲ್ಸ್ ಕೀಳಿಸುವ ಮೊದಲು ಜಿಡ್ಡು ತೆಗೆಸಿ

ಪ್ರಶ್ನೆ: ಸರ್, ನಮ್ಮದು ದಾವಣಗೆರೆಯಲ್ಲಿ ಸಣ್ಣ ಬೆಣ್ಣೆ ದೋಸೆ ಹೋಟೆಲ್. ಎರಡು ವರ್ಷದ ಹಿಂದೆ ಅಡುಗೆಮನೆಗೆ ಹೊಸ ಟೈಲ್ಸ್ ಹಾಕಿಸಿದೆವು. ಅಂಗಡಿಯವರು "ಆಂಟಿ ಸ್ಕಿಡ್, ಆರ್‌-9 ನಂಬರ್ ಇದೆ, ಜಾರೋದೇ ಇಲ್ಲ" ಅಂತ ಹೇಳಿ ಕೊಟ್ಟರು. ಈ ಆರು ತಿಂಗಳಲ್ಲಿ ಮೂರು ಜನ ಜಾರಿ ಬಿದ್ದಿದ್ದಾರೆ. ಒಬ್ಬ ಹುಡುಗನ ಮಣಿಕಟ್ಟು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲಿದ್ದಾನೆ. ಆಮೇಲೆ ಎಲ್ಲರಿಗೂ ರಬ್ಬರ್ ಸೋಲಿನ ಶೂ ಕೊಡಿಸಿದೆ. ದಿನಕ್ಕೆ ಮೂರು ಸಲ ಫಿನಾಯಿಲ್ ಹಾಕಿ ನೆಲ ಒರೆಸುತ್ತೇವೆ. ಆದರೂ ಜಾರುತ್ತದೆ. ಟೈಲ್ಸ್ ಕಿತ್ತು ಬೇರೆ ಹಾಕಿಸಬೇಕಾ? ಆಸಿಡ್ ಹಾಕಿ ನೆಲ ತರಿ ಮಾಡಿಕೊಡುವವರು ಇದ್ದಾರಂತೆ, ಅದು ಆಗುತ್ತದಾ? ಶೂ ದುಡ್ಡಿನಲ್ಲಿ ಅರ್ಧ ಹುಡುಗರ ಸಂಬಳದಲ್ಲಿ ಹಿಡಿದಿದ್ದೇನೆ, ಬೆಲೆ ಗೊತ್ತಾದರೆ ಜೋಪಾನ ಮಾಡುತ್ತಾರೆ ಅಂತ. ಇದು ಸರಿಯಾ?

ಉತ್ತರ: ಮೊದಲು ಆ ಹುಡುಗನ ಮಾತು. ಮಣಿಕಟ್ಟು ಮುರಿದಿದೆ ಅಂದರೆ ಬೀಳುವಾಗ ಅವನು ಕೈ ಊರಿದ್ದಾನೆ. ಊರಿದ್ದು ನೆಲಕ್ಕೆ. ಪಕ್ಕದಲ್ಲಿ ಕಾದ ಹಂಚು, ಕುದಿಯುವ ಸಾಂಬಾರ್ ಇರುವ ಜಾಗದಲ್ಲಿ ಆ ಕೈ ಎಲ್ಲಿ ಬೇಕಾದರೂ ಹೋಗಬಹುದಿತ್ತು. ಹೋಟೆಲ್ ಅಡುಗೆಮನೆಯಲ್ಲಿ ಜಾರುವುದನ್ನು ನಾನು ಸಣ್ಣ ವಿಷಯ ಅಂತ ನೋಡದೇ ಇರುವುದಕ್ಕೆ ಇದೇ ಕಾರಣ. ಮೂರು ಜನ ಬಿದ್ದ ಮೇಲೆ "ಹುಡುಗರಿಗೆ ಎಚ್ಚರಿಕೆ ಇಲ್ಲ" ಅಂತ ಕೈತೊಳೆದುಕೊಳ್ಳದೆ ನೆಲದ ಬಗ್ಗೆ ಕೇಳಿದ್ದೀರಿ. ತುಂಬಾ ಒಳ್ಳೆಯದಾಯಿತು.

ಈಗಲೇ ಟೈಲ್ಸ್ ಕೀಳಿಸಬೇಡಿ. ಆಸಿಡ್ ಅಂತೂ ಬೇಡವೇ ಬೇಡ. ನೀವು ನೆಲ ಒರೆಸುವ ರೀತಿಯನ್ನು ಮೊದಲು ಬದಲಾಯಿಸಿ. ನಿಮ್ಮ ಪತ್ರ ಓದಿದಾಗ ನನಗೆ ಅನುಮಾನ ಬಂದಿದ್ದು ಟೈಲ್ಸ್ ಮೇಲಲ್ಲ, ಶೂ ಮೇಲೂ ಅಲ್ಲ. "ದಿನಕ್ಕೆ ಮೂರು ಸಲ ಒರೆಸುತ್ತೇವೆ" ಎಂಬ ಆ ಮಾತಿನ ಮೇಲೆ.

ಯಾಕೆ ಅಂತ ಹೇಳುತ್ತೇನೆ. ಅದಕ್ಕೆ ಮುಂಚೆ ಆ ಆರ್‌-9 ವಿಷಯ ಮುಗಿಸಿಬಿಡೋಣ. ಈ ನಂಬರ್ ತುಂಬಾ ಜನರನ್ನು ದಾರಿ ತಪ್ಪಿಸಿದೆ.

ಆರ್‌ ನಂಬರ್ ಬಂದಿದ್ದು ಜರ್ಮನಿಯಿಂದ. ಡಿಐಎನ್ 51130 ಅಂತ ಅದರ ಹೆಸರು. ಪರೀಕ್ಷೆ ಬಹಳ ಸರಳ. ಟೈಲ್ಸ್ ಅನ್ನು ಒಂದು ಇಳಿಜಾರು ಹಲಗೆಯ ಮೇಲೆ ಕೂರಿಸುತ್ತಾರೆ. ಮೇಲೆ ಮೋಟಾರ್ ಆಯಿಲ್ ಸುರಿಯುತ್ತಾರೆ. ಬೂಟು ಹಾಕಿಕೊಂಡ ಒಬ್ಬ ವ್ಯಕ್ತಿ ಅದರ ಮೇಲೆ ಹಿಂದೆ ಮುಂದೆ ನಡೆಯುತ್ತಾನೆ. ಬಿದ್ದರೆ ಪೆಟ್ಟಾಗದ ಹಾಗೆ ಅವನ ಮೈಗೆ ಪಟ್ಟಿ ಕಟ್ಟಿರುತ್ತಾರೆ. ಹಲಗೆಯನ್ನು ಸ್ವಲ್ಪ ಸ್ವಲ್ಪವೇ ಎತ್ತುತ್ತಾ ಹೋಗುತ್ತಾರೆ. ಇನ್ನು ಆಗಲ್ಲ, ಜಾರುತ್ತೇನೆ ಎಂದು ಅವನಿಗೆ ಅನಿಸುವ ಕೋನ ಎಷ್ಟೋ, ಅದರ ಮೇಲೆ ನಂಬರ್. 6ರಿಂದ 10 ಡಿಗ್ರಿವರೆಗೆ ತಡೆದರೆ ಆರ್‌-9. 10ರಿಂದ 19 ಆದರೆ ಆರ್‌-10. 19ರಿಂದ 27 ಆರ್‌-11, 27ರಿಂದ 35 ಆರ್‌-12, ಅದಕ್ಕೂ ಮೇಲೆ ಆರ್‌-13.

ಗಮನಿಸಿದಿರಾ? ಆರ್‌-1, ಆರ್‌-2 ಅಂತ ಇಲ್ಲವೇ ಇಲ್ಲ. ಲೆಕ್ಕ ಶುರುವಾಗುವುದೇ 9ರಿಂದ. ನಾವು ಹತ್ತಕ್ಕೆ ಒಂಬತ್ತು ಅಂಕ ಅಂದುಕೊಳ್ಳುತ್ತೇವೆ. ನಿಜವಾಗಿ ಅದು ಪಾಸಾದವರಲ್ಲಿ ಕೊನೆಯವನು. ಮನೆಯ ಹಾಲ್, ಬಟ್ಟೆ ಅಂಗಡಿ, ಆಫೀಸು, ಹೀಗೆ ಒಣಗಿರುವ ಜಾಗಕ್ಕೆ ಆರ್‌-9 ಸಾಕು. ಜರ್ಮನಿಯಲ್ಲೇ ಹೋಟೆಲ್ ಅಡುಗೆಮನೆಗೆ ಸಾಮಾನ್ಯವಾಗಿ ಆರ್‌-11 ಅಥವಾ ಆರ್‌-12 ಕೇಳುತ್ತಾರೆ. ಹಾಗಾದರೆ ನಿಮ್ಮ ಟೈಲ್ಸ್ ಆ ಜಾಗಕ್ಕೆ ತಕ್ಕದ್ದಲ್ಲ, ಇದು ನಿಜ. ಆದರೂ ಕೀಳಿಸಬೇಡಿ ಅಂತ ಯಾಕೆ ಹೇಳುತ್ತಿದ್ದೇನೆ? ಆರ್‌-12 ಹಾಕಿಸಿದ ಅಡುಗೆಮನೆಯಲ್ಲೂ ಜನ ಬಿದ್ದಿದ್ದನ್ನು ನಾನು ನೋಡಿದ್ದೇನೆ, ಅದಕ್ಕೆ.

ನಡೆಯುವಾಗ ಏನಾಗುತ್ತದೆ ನೋಡಿ. ಕಾಲು ಮುಂದೆ ಹಾಕಿದಾಗ ಮೊದಲು ನೆಲ ಮುಟ್ಟುವುದು ಹಿಮ್ಮಡಿ. ಅದೂ ಪೂರ್ತಿ ಹಿಮ್ಮಡಿ ಅಲ್ಲ, ಅದರ ಹಿಂದಿನ ಅಂಚು ಮಾತ್ರ. ಆ ಹೊತ್ತಿಗೆ ಮೈಯ ಭಾರ ಕೆಳಕ್ಕೂ ಒತ್ತುತ್ತದೆ, ಕಾಲನ್ನು ಮುಂದಕ್ಕೂ ತಳ್ಳುತ್ತದೆ. ಮುಂದಕ್ಕೆ ತಳ್ಳುವ ಬಲವನ್ನು ಕೆಳಕ್ಕೆ ಒತ್ತುವ ಬಲದಿಂದ ಭಾಗಿಸಿದರೆ ಸಮತಟ್ಟು ನೆಲದ ಮೇಲೆ ಸುಮಾರು 0.2 ಬರುತ್ತದೆ. 60 ಕೆಜಿ ತೂಕದವನಾದರೆ ಸುಮಾರು 12 ಕೆಜಿಯಷ್ಟು ಮುಂದಕ್ಕೆ ತಳ್ಳುತ್ತಾನೆ ಅಂತ ಇಟ್ಟುಕೊಳ್ಳಿ. ಶೂಗೂ ನೆಲಕ್ಕೂ ನಡುವಿನ ಹಿಡಿತ ಇದನ್ನು ತಡೆಯಬೇಕು. ಆ ಹಿಡಿತದ ಅಳತೆಯನ್ನೇ ಘರ್ಷಣಾಂಕ ಎನ್ನುತ್ತಾರೆ. ಬೇಕಾಗಿರುವುದು 0.2, ಸಿಗುತ್ತಿರುವುದು 0.6 ಆದರೆ ನಿಶ್ಚಿಂತೆ. ಒಣಗಿದ, ಶುಭ್ರವಾದ ನೆಲದ ಮೇಲೆ ರಬ್ಬರ್ ಸೋಲು ಅಷ್ಟು ಹಿಡಿತವನ್ನು ಆರಾಮಾಗಿ ಕೊಡುತ್ತದೆ. ಜಿಡ್ಡು ಬಂದರೆ 0.1ಕ್ಕೂ ಕೆಳಗೆ ಇಳಿಯಬಹುದು. ಆಗ ಬೀಳುವುದು ಅದೃಷ್ಟದ ಮಾತಲ್ಲ, ಲೆಕ್ಕದ ಮಾತು.

ಈ ಲೆಕ್ಕದಲ್ಲೇ ಆರ್‌-9 ಅನ್ನು ಇನ್ನೊಮ್ಮೆ ನೋಡಿ. 10 ಡಿಗ್ರಿ ಇಳಿಜಾರಿನಲ್ಲಿ ಜಾರದೆ ನಿಲ್ಲಲು ಬೇಕಾದ ಘರ್ಷಣಾಂಕ 0.18. ಅಂದರೆ ಆರ್‌-9 ಟೈಲ್ಸ್ ಹೊಸದಾಗಿದ್ದಾಗಲೂ, ಆ ಪರೀಕ್ಷೆಯ ಬೂಟಿನಲ್ಲೂ, ಎಣ್ಣೆ ಬಿದ್ದರೆ ಹೆಚ್ಚೆಂದರೆ 0.18 ಕೊಡುತ್ತದೆ. ಸುಮ್ನೆ ನಡೆಯುವುದಕ್ಕೇ 0.2 ಬೇಕು. ಹಿಟ್ಟಿನ ಡಬರಿ ಎಳೆಯುವಾಗ, ಸಿಲಿಂಡರ್ ತಳ್ಳುವಾಗ, ಆರ್ಡರ್ ಕೂಗಿದಾಗ ಗಕ್ಕನೆ ತಿರುಗುವಾಗ ಇನ್ನೂ ಜಾಸ್ತಿ ಬೇಕು.

ಇನ್ನೊಂದು ವಿಷಯ. ನಾವೆಲ್ಲ ದಿನಾ ಜಾರುತ್ತಲೇ ಇರುತ್ತೇವೆ. ಹಿಮ್ಮಡಿ ಒಂದೆರಡು ಸೆಂಟಿಮೀಟರ್ ಜಾರಿ ನಿಂತರೆ ನಮಗೆ ಗೊತ್ತೇ ಆಗುವುದಿಲ್ಲ. 10 ಸೆಂಟಿಮೀಟರ್ ದಾಟಿತು ಅಂದರೆ ಸಾವರಿಸಿಕೊಳ್ಳುವುದು ಕಷ್ಟ. ಇವೆರಡರ ನಡುವೆ ಸಿಗುವ ಸಮಯ ಕಣ್ಣು ಮಿಟುಕಿಸುವಷ್ಟು. "ನೋಡಿಕೊಂಡು ನಡಿಯಪ್ಪಾ" ಎಂಬ ಬುದ್ಧಿಮಾತಿಗೆ ಅಲ್ಲಿ ಜಾಗವೇ ಇಲ್ಲ. ಅದಕ್ಕೇ ನಾನು ಗೋಡೆಗೆ ಹಚ್ಚುವ ಬೋರ್ಡುಗಳನ್ನು ನಂಬುವುದಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹಿಮ್ಮಡಿ ನೆಲಕ್ಕೆ ಇಳಿದು ಭಾರ ಪೂರ್ತಿ ಬೀಳುವುದಕ್ಕೆ ಸಿಗುವುದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು. ಅಷ್ಟರಲ್ಲಿ ಸೋಲಿನ ಕೆಳಗೆ ಸಿಕ್ಕಿಕೊಂಡ ನೀರೋ ಎಣ್ಣೆಯೋ ಪಕ್ಕಕ್ಕೆ ಹಿಂಡಿ ಹೋಗಬೇಕು. ಹೋದರೆ ರಬ್ಬರ್ ನೆಲ ಮುಟ್ಟುತ್ತದೆ, ಹಿಡಿತ ಸಿಗುತ್ತದೆ. ಹೋಗದಿದ್ದರೆ ಶೂ ನೆಲದ ಮೇಲೆ ನಿಂತೇ ಇಲ್ಲ, ಪೊರೆಯ ಮೇಲೆ ತೇಲುತ್ತಿದೆ. ಒಬ್ಬಟ್ಟು ತಟ್ಟುವಾಗ ಎಣ್ಣೆ ಸವರಿದ ಹಾಳೆಯ ಮೇಲೆ ಕಣಕ ಹೇಗೆ ಜಾರುತ್ತದೆ, ನೀವು ನೋಡಿರುತ್ತೀರಿ. ಹಾಳೆ ಒಳ್ಳೆಯದಾ, ಕಣಕ ಒಳ್ಳೆಯದಾ ಎಂಬ ಪ್ರಶ್ನೆ ಅಲ್ಲಿ ಬರುವುದೇ ಇಲ್ಲ. ನಡುವೆ ಎಣ್ಣೆ ಇದೆ, ಜಾರುತ್ತದೆ, ಅಷ್ಟೇ. ಜನ ಶೂ ಬೈಯುತ್ತಾರೆ, ಟೈಲ್ಸ್ ಬೈಯುತ್ತಾರೆ. ನಡುವಿನ ಪೊರೆಯನ್ನು ಯಾರೂ ನೋಡುವುದಿಲ್ಲ.

ನೀರು ತೆಳುವಾಗಿರುವುದರಿಂದ ಬೇಗ ಹಿಂಡಿ ಹೋಗುತ್ತದೆ. ಅಡುಗೆ ಎಣ್ಣೆ ನೀರಿಗಿಂತ ಸುಮಾರು 50 ಪಟ್ಟು ಮಂದ. ಅಷ್ಟೇ ಒತ್ತಡಕ್ಕೆ ಅದು ಹೊರಹೋಗಲು ಅಷ್ಟೇ ಪಟ್ಟು ಹೊತ್ತು ಬೇಕು. ಆ ಹೊತ್ತು ಕಾಲಿಗೆ ಸಿಗುವುದಿಲ್ಲ. ಹಾಗಾಗಿ ಪೊರೆಯನ್ನು ಭೇದಿಸಿಕೊಂಡು ಮೇಲೆ ಬರುವಷ್ಟು ಎತ್ತರದ ತರಿ ನೆಲದಲ್ಲೇ ಇರಬೇಕು. ಬ್ರಿಟನ್ನಿನ ಕೆಲಸದ ಜಾಗದ ಸುರಕ್ಷತಾ ಇಲಾಖೆ ಇದಕ್ಕೆ ಒಂದು ಅಂದಾಜು ಪಟ್ಟಿ ಕೊಟ್ಟಿದೆ. ಬರೀ ನೀರು ಬೀಳುವ ನೆಲಕ್ಕೆ 20 ಮೈಕ್ರಾನ್ ತರಿ ಸಾಕು. ಸೋಪಿನ ನೀರು, ಹಾಲು ಆದರೆ 45. ಎಣ್ಣೆಗೆ 70. ಮಾರ್ಗರಿನ್‌ನಂಥ ಗಟ್ಟಿ ಕೊಬ್ಬಿಗೆ 70ಕ್ಕೂ ಮೇಲೆ. ನಮ್ಮ ತಲೆಕೂದಲಿನ ದಪ್ಪ ಹೆಚ್ಚುಕಡಿಮೆ 70 ಮೈಕ್ರಾನ್ ಇರುತ್ತದೆ. ಬೆಣ್ಣೆ ಈ ಪಟ್ಟಿಯಲ್ಲಿ ಎಲ್ಲಿ ಬರುತ್ತದೆ ಅಂತ ನಾನು ಹೇಳಬೇಕಾಗಿಲ್ಲ, ಅಲ್ವಾ?

ನಿಮ್ಮ ಊರಿನ ದೋಸೆಗೆ ಹೆಸರು ತಂದುಕೊಟ್ಟ ಆ ಬೆಣ್ಣೆಯೇ ನಿಮ್ಮ ನೆಲಕ್ಕೆ ದೊಡ್ಡ ಸವಾಲು. ಅದರ ಗುಣ ಎಣ್ಣೆಗಿಂತ ಬೇರೆ. ಹಂಚಿನ ಹತ್ತಿರ ಕರಗಿ ನೀರಿನಂತೆ ಹನಿಯುತ್ತದೆ, ಸಿಡಿಯುತ್ತದೆ, ತೆಳ್ಳಗೆ ಹರಡುತ್ತದೆ. ಬೆಣ್ಣೆ ಪೂರ್ತಿ ಕರಗಿರಬೇಕಾದರೆ ಸುಮಾರು 35 ಡಿಗ್ರಿ ಶಾಖ ಬೇಕು. ನಿಮ್ಮ ನೆಲ ಅದಕ್ಕಿಂತ ತಂಪು. ಹಾಗಾಗಿ ಬಿದ್ದ ಹನಿ ಟೈಲ್ಸ್ ಮೇಲೆ ಹೆಪ್ಪುಗಟ್ಟಿ ಮೇಣದಂತೆ ಕೂರುತ್ತದೆ. ಕಣ್ಣಿಗೆ ಕಾಣಿಸುವುದಿಲ್ಲ. ಅದರ ಮೇಲೆ ಹಿಟ್ಟಿನ ಧೂಳು, ಒಲೆಯ ಬೂದಿ ಕೂತು ಇನ್ನೊಂದು ಪದರ ಆಗುತ್ತದೆ. ಟೈಲ್ಸಿನಲ್ಲಿ ಇದ್ದ ಅಲ್ಪಸ್ವಲ್ಪ ತರಿಯೂ ತುಂಬಿಕೊಂಡು ಗಾಜಿನಂತೆ ಆಗುತ್ತದೆ.

ಈಗ ನಿಮ್ಮ ಮೂರು ಸಲದ ಒರೆಸುವಿಕೆಗೆ ಬನ್ನಿ. ತಣ್ಣೀರು, ಒಂದು ಬಕೆಟ್, ಒಂದು ಮಾಪ್, ಸ್ವಲ್ಪ ಫಿನಾಯಿಲ್. ನಾನು ಊಹಿಸಿದ್ದು ಸರಿ ತಾನೇ? ಫಿನಾಯಿಲ್ ಇರುವುದು ಕ್ರಿಮಿಗೆ ಮತ್ತು ವಾಸನೆಗೆ. ಜಿಡ್ಡು ಬಿಡಿಸುವುದು ಅದರ ಕೆಲಸ ಅಲ್ಲ. ತಣ್ಣೀರಿಗೆ ಬೆಣ್ಣೆ ಕರಗುವುದಿಲ್ಲ. ಹಂಚಿನ ಮುಂದಿದ್ದ ಜಿಡ್ಡನ್ನು ಮಾಪ್ ಎತ್ತಿಕೊಂಡು ಬಕೆಟ್‌ನಲ್ಲಿ ಅರ್ಧ ಬಿಟ್ಟು, ಉಳಿದರ್ಧವನ್ನು ಬಾಗಿಲವರೆಗೂ ಸವರುತ್ತದೆ. ಒಂದು ಮೂಲೆಯಲ್ಲಿ ಇದ್ದದ್ದು ಇಡೀ ಅಡುಗೆಮನೆಗೆ ಹಂಚಿಹೋಗುತ್ತದೆ. ಮೇಲಿಂದ ನೆಲ ಒದ್ದೆ ಬೇರೆ. ದಿನಕ್ಕೆ ಮೂರು ಸಲ ಇದನ್ನು ಮಾಡಿದರೆ ದಿನಕ್ಕೆ ಮೂರು ಸಲ ಜಿಡ್ಡಿನ ಕೋಟಿಂಗ್ ಕೊಟ್ಟ ಹಾಗೆ.

ಕೆಲವು ವರ್ಷದ ಹಿಂದೆ ಒಂದು ಕಾರ್ಖಾನೆಯ ಕ್ಯಾಂಟೀನಿಗೆ ನನ್ನನ್ನು ಕರೆದಿದ್ದರು. ನೆಲ ಪೂರ್ತಿ ಬದಲಿಸಲು ಟೆಂಡರ್ ಕರೆಯುವ ಹಂತದಲ್ಲಿದ್ದರು. ನಾನು ಒಂದು ಹಳೆಯ ಸ್ಟೀಲ್ ಸ್ಪೂನು ಕೇಳಿ ತೆಗೆದುಕೊಂಡು ಟೈಲ್ಸ್ ಮೇಲೆ ಗೀರಿದೆ. ಕಂದು ಬಣ್ಣದ ಮೇಣ ಸುರುಳಿ ಸುರುಳಿಯಾಗಿ ಎದ್ದು ಬಂತು. ಅಲ್ಲೇ ಒಂದು ಚದರ ಮೀಟರ್ ಜಾಗವನ್ನು ಬಿಸಿನೀರು ಹಾಕಿ, ಬ್ರಷ್ಷಿನಿಂದ ಉಜ್ಜಿಸಿದೆ. ಹದಿನೈದು ನಿಮಿಷ ಹಿಡಿಯಿತು. ಕೆಳಗೆ ತಿಳಿ ಬೂದು ಬಣ್ಣದ, ಮರಳಿನ ಕಾಗದದಂಥ ಟೈಲ್ಸ್ ಕಾಣಿಸಿತು. ಅಲ್ಲಿ ಎಂಟು ವರ್ಷದಿಂದ ಕೆಲಸ ಮಾಡುತ್ತಿದ್ದ ಅಡುಗೆಯವರು "ಇದರ ಬಣ್ಣ ಇದಾ ಸರ್?" ಅಂತ ಕೇಳಿದರು. ಅವರು ಅಷ್ಟು ವರ್ಷ ಆ ಟೈಲ್ಸ್ ಮೇಲೆ ನಡೆದೇ ಇರಲಿಲ್ಲ. ಟೆಂಡರ್ ನಿಂತಿತು.

ನೀವೂ ಇದನ್ನೇ ಮಾಡಿ. ಇವತ್ತು ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಹಂಚಿನ ಮುಂದೆ, ಹುಡುಗ ಬಿದ್ದ ಜಾಗದಲ್ಲಿ, ಸ್ಪೂನಿನಿಂದ ಗೀರಿ ನೋಡಿ. ಮೇಣ ಎದ್ದು ಬಂದರೆ ನಿಮ್ಮ ಅರ್ಧ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು.

ಬಿಡಿಸುವುದು ಹೇಗೆ? ಮೊದಲು ಒಣ ಕಸ, ಅನ್ನ, ಹಿಟ್ಟು ಎಲ್ಲ ಗುಡಿಸಿ. ಗಟ್ಟಿ ಬೆಣ್ಣೆ ಇದ್ದರೆ ಕೆರೆದು ತೆಗೆಯಿರಿ. ಆಮೇಲೆ ಬಿಸಿನೀರು. ಉಗುರುಬೆಚ್ಚಗೆ ಸಾಲದು, ಬರಿಗೈ ಅದ್ದಲಾಗದಷ್ಟು ಬಿಸಿ, ಸುಮಾರು 60 ಡಿಗ್ರಿ ಇರಲಿ. ಬಕೆಟ್ ಅರ್ಧ ಮಾತ್ರ ತುಂಬಿಸಿ. ಹೊತ್ತುಕೊಂಡು ಹೋಗುವವನು ಬೂಟು, ಕೈಗವಸು ಹಾಕಿಕೊಳ್ಳಲಿ. ಆ ನೀರಿಗೆ ಅಡುಗೆಮನೆಗೆಂದೇ ಸಿಗುವ ಜಿಡ್ಡು ಬಿಡಿಸುವ ದ್ರಾವಣವನ್ನು, ಡಬ್ಬಿಯ ಮೇಲೆ ಬರೆದಷ್ಟೇ ಬೆರೆಸಿ. ಜಾಸ್ತಿ ಹಾಕಿದರೆ ಜಾಸ್ತಿ ಶುಭ್ರ ಆಗುತ್ತದೆ ಅಂದುಕೊಳ್ಳಬೇಡಿ. ತೊಳೆದು ಹೋಗದೆ ಉಳಿದ ಸೋಪು ನೆಲದ ಮೇಲೆ ಒಣಗುತ್ತದೆ. ಮರುದಿನ ನೀರು ಬಿದ್ದಾಗ ಮತ್ತೆ ನೊರೆಯಾಗಿ ಜಾರಿಸುತ್ತದೆ. ವಾಷಿಂಗ್ ಸೋಡಾ ಕೂಡ ಜಿಡ್ಡಿಗೆ ಒಳ್ಳೆಯದೇ. ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಸೋಕಿಸಬೇಡಿ, ಕಪ್ಪಾಗುತ್ತದೆ.

ದ್ರಾವಣ ಸುರಿದು ತಕ್ಷಣ ಉಜ್ಜಲು ಹೋಗುವುದು ಎಲ್ಲರೂ ಮಾಡುವ ತಪ್ಪು. ಐದರಿಂದ ಹತ್ತು ನಿಮಿಷ ನೆನೆಯಲು ಬಿಡಿ. ಒಣಗಲು ಬಿಡಬೇಡಿ. ಆಮೇಲೆ ಉದ್ದ ಹಿಡಿಯ ಗಡಸು ಬ್ರಷ್ಷಿನಿಂದ ಉಜ್ಜಿ. ಮಾಪ್‌ನ ದಾರ ತರಿಯ ಮೇಲೆ ತೇಲಿಕೊಂಡು ಹೋಗುತ್ತದೆ, ಬ್ರಷ್ಷಿನ ಕಡ್ಡಿ ತರಿಯ ಒಳಗೆ ಇಳಿಯುತ್ತದೆ. ಆ ಕೊಳಕು ನೀರನ್ನು ವೈಪರ್‌ನಿಂದ ಮೋರಿಗೆ ತಳ್ಳಿ. ಅಡುಗೆಮನೆಯಲ್ಲಿ ಮೋರಿ ಇದ್ದರೆ ಅದು ದೊಡ್ಡ ಅನುಕೂಲ. ಮತ್ತೆ ಒಳ್ಳೆಯ ನೀರು ಹಾಕಿ ತಳ್ಳಿ. ಕೊನೆಗೆ ಒಣ ವೈಪರ್ ಎಳೆದು ಫ್ಯಾನ್ ಹಾಕಿ ಬಿಡಿ. ಮೊದಲ ಸಲ ಎರಡು ಮೂರು ರಾತ್ರಿ ಸತತವಾಗಿ ಮಾಡಬೇಕಾಗಬಹುದು, ಎರಡು ವರ್ಷದ ಪದರ ಅದು. ಆಮೇಲೆ ದಿನಾ ರಾತ್ರಿ ಒಂದು ಸಲ ಸಾಕು.

ಒಂದು ಎಚ್ಚರಿಕೆ, ದಯವಿಟ್ಟು ಕೆಲಸದವರಿಗೆಲ್ಲ ಹೇಳಿ. ಬ್ಲೀಚಿಂಗ್ ಪೌಡರನ್ನು ಟಾಯ್ಲೆಟ್ ಆಸಿಡ್ ಜೊತೆ ಎಂದೂ ಬೆರೆಸಬಾರದು. ಬರುವ ಹೊಗೆ ಕ್ಲೋರಿನ್. ಮುಚ್ಚಿದ ಅಡುಗೆಮನೆಯಲ್ಲಿ ಅದು ಪ್ರಾಣಕ್ಕೇ ಅಪಾಯ.

ಹಗಲು ಹೊತ್ತಿನಲ್ಲಿ ಇಡೀ ನೆಲ ಒರೆಸುವುದನ್ನು ನಿಲ್ಲಿಸಿ. ಜನ ಓಡಾಡುವಾಗ ಒದ್ದೆ ಮಾಡಿದ ನೆಲ, ಕೊಳಕು ನೆಲಕ್ಕಿಂತ ಜಾಸ್ತಿ ಅಪಾಯ. ಏನು ಬಿತ್ತೋ ಅದನ್ನಷ್ಟೇ, ಬಿದ್ದ ಕೂಡಲೇ, ಒಣ ಬಟ್ಟೆಯಿಂದಲೋ ಪೇಪರ್‌ನಿಂದಲೋ ಎತ್ತಿ ತೆಗೆಯಿರಿ. ಸವರಬಾರದು, ಎತ್ತಬೇಕು. ಹಂಚಿನ ಹತ್ತಿರ ಅದಕ್ಕೆಂದೇ ಒಂದು ಬಟ್ಟೆ ಇರಲಿ. ಆ ಬಟ್ಟೆ ಬೇರೆ ಕಡೆ ಹೋಗದಿರಲಿ.

ನೆಲಕ್ಕೆ ಬೆಣ್ಣೆ ಬೀಳುವುದನ್ನೇ ಕಡಿಮೆ ಮಾಡಬಹುದು ಅನ್ನುವುದನ್ನು ಮರೆಯಬೇಡಿ. ಒಂದು ಸೀಮೆಸುಣ್ಣ ತೆಗೆದುಕೊಂಡು ಒಂದು ವಾರ ಕೂತು ನೋಡಿ. ಎಲ್ಲಿ ಹನಿ ಬೀಳುತ್ತದೋ ಅಲ್ಲಿ ಗುರುತು ಹಾಕಿ. ಮೂರು ಜನ ಬಿದ್ದ ಜಾಗಕ್ಕೂ ಗುರುತು ಹಾಕಿ. ಆ ಗುರುತುಗಳು ನೆಲದ ತುಂಬ ಹರಡಿರುವುದಿಲ್ಲ, ಒಂದೆರಡು ಕಡೆ ಗುಂಪಾಗಿರುತ್ತವೆ ಅಂತ ನನ್ನ ಅನುಭವ ಹೇಳುತ್ತದೆ. ಸಾಮಾನ್ಯವಾಗಿ ಹಂಚಿನ ಮುಂದೆ ಒಂದು, ಪಾತ್ರೆ ತೊಳೆಯುವ ಜಾಗದಿಂದ ಹೊರಬರುವ ದಾರಿಯಲ್ಲಿ ಇನ್ನೊಂದು. ಹಂಚಿನ ಕಟ್ಟೆಗೆ ಮುಂಗಡೆ ಎರಡು ಬೆರಳು ಎತ್ತರದ ಸ್ಟೀಲ್ ಪಟ್ಟಿ ಹೊಡೆಸಿ. ಬೆಣ್ಣೆ ಪಾತ್ರೆ ಹಂಚಿನಿಂದ ದೂರ ಇದ್ದರೆ, ದೋಸೆ ಹಾಕುವವನ ಕೈ ನೆಲದ ಮೇಲಿಂದ ಹಾದುಹೋಗುತ್ತದೆ. ಪಾತ್ರೆಯನ್ನು ಹಂಚಿನ ಪಕ್ಕಕ್ಕೆ ತನ್ನಿ. ಒದ್ದೆ ಜಾಗದಿಂದ ಒಣ ಜಾಗಕ್ಕೆ ದಾಟುವ ಕಡೆ ನೀರು ಹೀರುವ ಮ್ಯಾಟ್ ಹಾಕಿ. ಒಣ ನೆಲದ ಮೇಲೆ ಬಿರುಸಾಗಿ ಬಂದ ಕಾಲು ಗೊತ್ತಿಲ್ಲದೆ ಜಿಡ್ಡಿಗೆ ಬಿದ್ದಾಗಲೇ ಜನ ಬೀಳುವುದು. ಪೂರ್ತಿ ಜಾರುವ ನೆಲ ಎಂದು ಗೊತ್ತಿದ್ದರೆ ಕಾಲು ತಾನಾಗಿಯೇ ಹೆಜ್ಜೆ ಚಿಕ್ಕದು ಮಾಡುತ್ತದೆ.

ಇನ್ನು ಶೂ. "ರಬ್ಬರ್ ಸೋಲು" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ರಬ್ಬರಿನ ಹಿಡಿತ ಎರಡು ರೀತಿಯಲ್ಲಿ ಬರುತ್ತದೆ. ಒಂದು, ನೆಲಕ್ಕೆ ಅಂಟಿಕೊಳ್ಳುವುದು. ಇನ್ನೊಂದು, ನೆಲದ ತರಿಯ ಮೇಲೆ ಹಿಸುಕಿಕೊಂಡು, ಒಳಗಿಳಿದು ತಡೆಯುವುದು. ಜಿಡ್ಡು ಬಂದರೆ ಮೊದಲನೆಯದು ಹೋಯಿತು. ಉಳಿಯುವುದು ಎರಡನೆಯದು. ಅದಕ್ಕೆ ಮೆತ್ತನೆಯ ರಬ್ಬರ್ ಬೇಕು, ನೆಲದಲ್ಲಿ ತರಿಯೂ ಬೇಕು. ಕಲ್ಲಿನಂತೆ ಗಟ್ಟಿಯಾದ ಅಗ್ಗದ ಪ್ಲಾಸ್ಟಿಕ್ ಸೋಲು ಇದನ್ನು ಮಾಡುವುದಿಲ್ಲ. ಉಗುರಿನಿಂದ ಒತ್ತಿ ನೋಡಿ, ಸ್ವಲ್ಪ ಒಳಗಿಳಿದು ವಾಪಸ್ ಬರಬೇಕು.

ಅದಕ್ಕಿಂತ ಮುಖ್ಯ, ಅಟ್ಟೆಯ ಕೆಳಗಿನ ಕಚ್ಚುಗಳು. ಪೊರೆ ಹಿಂಡಿ ಹೋಗಲು ಬೇಕಾದ ಹೊತ್ತು, ಒತ್ತುವ ಗಟ್ಟೆಯ, ಅಂದರೆ ಎರಡು ಕಚ್ಚುಗಳ ನಡುವಿನ ಉಬ್ಬಿನ, ಅಗಲದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಅಂದರೆ ಒಂದೇ ಒತ್ತಡದಲ್ಲಿ ಗಟ್ಟೆಯ ಅಗಲ ಅರ್ಧ ಮಾಡಿದರೆ ಹೊತ್ತು ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ದೊಡ್ಡ ದೊಡ್ಡ ನುಣುಪಾದ ಗಟ್ಟೆಗಳ ಸೋಲಿಗಿಂತ, ಸಣ್ಣ ಸಣ್ಣ ಗಟ್ಟೆ, ನಡುವೆ ಕನಿಷ್ಠ 2 ಮಿಲಿಮೀಟರ್ ಅಗಲದ ಕಚ್ಚು, ಪಕ್ಕಕ್ಕೆ ತೆರೆದುಕೊಂಡ ದಾರಿ ಇರುವ ಸೋಲು ಒಳ್ಳೆಯದು. ಕಚ್ಚು ಹಿಮ್ಮಡಿಯ ಹಿಂದಿನ ಅಂಚಿನವರೆಗೂ ಬಂದಿರಬೇಕು. ಮೊದಲು ನೆಲ ಮುಟ್ಟುವುದು ಅದೇ ತಾನೇ. ಅಮೆರಿಕದ ಜಾನ್ ಸೈಪ್ ಎಂಬವನು ಕಸಾಯಿಖಾನೆಯ ಒದ್ದೆ ನೆಲದ ಮೇಲೆ ಜಾರಿ ಜಾರಿ ಸಾಕಾಗಿ, ತನ್ನ ಶೂಗಳ ರಬ್ಬರಿಗೆ ಚಾಕುವಿನಿಂದ ಸಣ್ಣ ಸೀಳು ಹಾಕಿಕೊಂಡ ಎನ್ನುತ್ತಾರೆ. 1923ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. ಇವತ್ತು ಕಾರಿನ ಟೈರಿನಲ್ಲಿ ಕಾಣುವ ಕೂದಲೆಳೆಯಂಥ ಸೀಳುಗಳಿಗೆ ಅವನದೇ ಹೆಸರು. ಇಂಥದ್ದೊಂದು ದೊಡ್ಡ ಉಪಾಯ ಹುಟ್ಟಿದ್ದು ನಿಮ್ಮ ಹುಡುಗರಂತೆ ಜಿಡ್ಡಿನ ನೆಲದ ಮೇಲೆ ನಿಂತು ದುಡಿಯುವವನ ಕಾಲಿನಿಂದ ಅನ್ನುವುದು ನನಗೆ ತುಂಬಾ ಇಷ್ಟದ ವಿಷಯ.

ಕೊಳ್ಳುವಾಗ ಶೂ ಒಳಗಿನ ಚೀಟಿ ನೋಡಿ. ಎಸ್‌ಆರ್‌ಎ ಅಂತಿದ್ದರೆ ಸೋಪಿನ ನೀರು ಹಾಕಿದ ಟೈಲ್ಸ್ ಮೇಲೆ ಪಾಸಾಗಿದೆ. ಎಸ್‌ಆರ್‌ಬಿ ಅಂದರೆ ಗ್ಲಿಸರಿನ್ ಹಾಕಿದ ಸ್ಟೀಲ್ ಮೇಲೆ. ಎಸ್‌ಆರ್‌ಸಿ ಅಂದರೆ ಎರಡರಲ್ಲೂ. 2022ರ ಹೊಸ ಅಂತರರಾಷ್ಟ್ರೀಯ ಮಾನದಂಡದಲ್ಲಿ ಇದನ್ನು ಬದಲಿಸಿ ಎಸ್‌ಆರ್ ಎಂಬ ಒಂದೇ ಗುರುತು ಇಟ್ಟಿದ್ದಾರೆ. ಹಳೆಯದಾದರೆ ಎಸ್‌ಆರ್‌ಸಿ, ಹೊಸದಾದರೆ ಎಸ್‌ಆರ್ ಕೇಳಿ. ಬರೀ "ಆಂಟಿ ಸ್ಕಿಡ್" ಎಂಬ ಮಾತಿಗೆ ದುಡ್ಡು ಕೊಡಬೇಡಿ. ಹವಾಯಿ ಚಪ್ಪಲಿ ಬೇಡ. ಹಿಂದೆ ಪಟ್ಟಿ ಇಲ್ಲದ್ದರಿಂದ ಕಾಲೇ ಚಪ್ಪಲಿಯಿಂದ ಜಾರುತ್ತದೆ, ಸೋಲೂ ಬೇಗ ನುಣುಪಾಗುತ್ತದೆ. ಬರಿಗಾಲಿಗೆ ಹಿಡಿತ ಸಿಗುತ್ತದೆ ಅಂತ ಕೆಲವರು ಹೇಳುತ್ತಾರೆ, ಆದರೆ ಬಿಸಿ ಎಣ್ಣೆ ಇರುವ ಜಾಗದಲ್ಲಿ ಅದನ್ನು ನಾನು ಒಪ್ಪುವುದಿಲ್ಲ.

ಎಷ್ಟೇ ಒಳ್ಳೆಯ ಶೂ ಆಗಲಿ, ಕಚ್ಚಿನಲ್ಲಿ ಬೆಣ್ಣೆ, ಹಿಟ್ಟು, ಅನ್ನ ತುಂಬಿಕೊಂಡರೆ ಕಚ್ಚೇ ಇಲ್ಲದ ಹಾಗೆ. ನಿಮ್ಮ ಹುಡುಗರ ಶೂ ತಿರುಗಿಸಿ ನೋಡಿ. ದಿನಾ ರಾತ್ರಿ ಬಿಸಿ ಸೋಪಿನ ನೀರು, ಹಳೆಯ ಬ್ರಷ್ಷು, ಎರಡು ನಿಮಿಷ. ಹಿಮ್ಮಡಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಸವೆದು ನುಣುಪಾದರೆ ಆ ಶೂ ಅಡುಗೆಮನೆಯಿಂದ ಹೊರಗೆ. ಇದು ನಾನು ಎಲ್ಲ ಕಡೆ ಹೇಳುವ ಅಳತೆ.

ಮಾಡಿದ್ದು ಫಲ ಕೊಟ್ಟಿತಾ ಅಂತ ನೀವೇ ನೋಡಬಹುದು. ಲಗೇಜು ತೂಗುವ ಕೊಕ್ಕೆಯ ತೂಕದ ಯಂತ್ರ ಸಿಗುತ್ತದಲ್ಲ, ಅದು ಸಾಕು. ಒಂದು ಶೂ ಒಳಗೆ ಕಲ್ಲು ತುಂಬಿ ಒಟ್ಟು 5 ಕೆಜಿ ಮಾಡಿ. ಸೋಲಿಗೆ ಹತ್ತಿರ, ಆದಷ್ಟು ಕೆಳಗೆ ಹುರಿ ಕಟ್ಟಿ ನೆಲಕ್ಕೆ ಸಮನಾಗಿ ಎಳೆಯಿರಿ. 1 ಕೆಜಿ ತೋರಿಸುವಾಗಲೇ ಜಾರಿದರೆ ಘರ್ಷಣಾಂಕ 0.2. 3 ಕೆಜಿವರೆಗೆ ತಡೆದರೆ 0.6. ಉಜ್ಜಿದ ಜಾಗ, ಉಜ್ಜದ ಜಾಗ ಎರಡರಲ್ಲೂ ಎಳೆದು ಹೋಲಿಸಿ. ಆದರೆ ಒಂದು ಮಾತು ನೆನಪಿಡಿ. ನೀವು ನಿಧಾನವಾಗಿ ಎಳೆಯುವಾಗ ಪೊರೆಗೆ ಹಿಂಡಿ ಹೋಗಲು ಬೇಕಾದಷ್ಟು ಹೊತ್ತು ಸಿಗುತ್ತದೆ. ನಡೆಯುವ ಕಾಲಿಗೆ ಸಿಗುವುದಿಲ್ಲ. ಹಾಗಾಗಿ ಒದ್ದೆ ನೆಲದ ಮೇಲೆ ಈ ಅಂಕಿ ಯಾವಾಗಲೂ ನಿಜಕ್ಕಿಂತ ಚೆನ್ನಾಗಿ ಕಾಣುತ್ತದೆ. ಹೋಲಿಕೆಗೆ ಮಾತ್ರ ಬಳಸಿ, ಧೈರ್ಯಕ್ಕೆ ಬಳಸಬೇಡಿ. ನೆಲ ಎಷ್ಟು ಜಾರುತ್ತದೆ ಅಂತ ಅಳೆಯಲು ನಾವು ಬಳಸುವ ಲೋಲಕ ಯಂತ್ರದಲ್ಲಿ ರಬ್ಬರ್ ತುಂಡು ಕಟ್ಟಿದ ತೋಳು ಮೇಲಿಂದ ಬೀಸಿ ಬಂದು, ನೆಲವನ್ನು ಸುಮಾರು 12 ಸೆಂಟಿಮೀಟರ್ ಸವರಿ ಹೋಗುತ್ತದೆ, ಹಿಮ್ಮಡಿಯ ವೇಗದಲ್ಲೇ. ಆ ಯಂತ್ರದ್ದೇ ಬೇರೆ ಅಳತೆಪಟ್ಟಿಯಲ್ಲಿ 36 ಅಥವಾ ಮೇಲೆ ಬಂದರೆ ಜಾರುವ ಅಪಾಯ ಕಡಿಮೆ, 25ಕ್ಕಿಂತ ಕೆಳಗೆ ಬಂದರೆ ಹೆಚ್ಚು. ಟೈಲ್ಸ್ ಬದಲಿಸುವ ತೀರ್ಮಾನಕ್ಕೆ ಮೊದಲು ಒಂದು ಸಲ ಈ ಯಂತ್ರದಿಂದ ಅಳೆಸಿ. ನಿಮ್ಮ ನೆಲದ ಮೇಲೆ, ನಿಮ್ಮ ಜಿಡ್ಡಿನಲ್ಲಿ.

ಆಸಿಡ್ ವಿಷಯ. ಟೈಲ್ಸಿನ ಮೈ ಕೊರೆಯುವುದು ಫ್ಲೋರಿನ್ ಇರುವ ಆಸಿಡ್‌ಗಳು ಮಾತ್ರ. ಟಾಯ್ಲೆಟ್ ಆಸಿಡ್ ಹಾಕಿದರೆ ಸಂದಿನ ಸಿಮೆಂಟ್ ತಿಂದು ಹೋಗುತ್ತದೆ, ಟೈಲ್ಸ್ ಹಾಗೇ ಇರುತ್ತದೆ. ಫ್ಲೋರಿನ್ ಆಸಿಡ್ ಚರ್ಮದ ಒಳಗೆ ಇಳಿದು ಮೂಳೆಯವರೆಗೂ ಸುಡುತ್ತದೆ, ಮೊದಲಿಗೆ ನೋವೂ ಗೊತ್ತಾಗದೆ ಇರಬಹುದು. ಅಷ್ಟು ಅಪಾಯ ಎಳೆದುಕೊಂಡು ಸಿಗುವುದು ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳು. ಬಚ್ಚಲಿನ ನೀರಿಗೆ ಅದು ಸ್ವಲ್ಪ ಕೆಲಸ ಮಾಡೀತು. ಬೆಣ್ಣೆಗೆ ಬೇಕಾದ 70 ಮೈಕ್ರಾನ್ ಎಲ್ಲಿ, ಈ ಗುಳಿ ಎಲ್ಲಿ. ಒಂದೇ ವಾರದಲ್ಲಿ ಜಿಡ್ಡು ತುಂಬಿ ಮುಚ್ಚಿಹೋಗುತ್ತದೆ.

ಎರಡು ತಿಂಗಳು ಸರಿಯಾಗಿ ಉಜ್ಜಿದ ಮೇಲೂ ಹಂಚಿನ ಮುಂದೆ ಜಾರಿದರೆ ಆಗ ಟೈಲ್ಸ್ ಬದಲಿಸಿ. ಇಡೀ ಅಡುಗೆಮನೆ ಬೇಡ. ಹಂಚಿನ ಮುಂದೆ, ಪಾತ್ರೆ ತೊಳೆಯುವಲ್ಲಿ, ಇವೆರಡರ ನಡುವಿನ ದಾರಿಯಲ್ಲಿ. ಆರ್‌-12 ಕೇಳಿ. ದೊಡ್ಡ ಟೈಲ್ಸ್‌ಗಿಂತ ಸಣ್ಣವು ಒಳ್ಳೆಯದು, ಸಂದುಗಳು ಜಾಸ್ತಿ ಸಿಗುತ್ತವೆ. ಬೆಂಕಿಯಿಂದ ತರಿ ಮಾಡಿದ ಗ್ರಾನೈಟ್, ಅಂದರೆ ಫ್ಲೇಮ್ ಫಿನಿಶ್, ನಮ್ಮ ಕಡೆ ಸುಲಭವಾಗಿ ಸಿಗುವ ಒಳ್ಳೆಯ ನೆಲ. ಶಹಾಬಾದ್ ಕಲ್ಲು ಹೊಸದರಲ್ಲಿ ಚೆನ್ನ, ಆದರೆ ಸುಣ್ಣದ ಕಲ್ಲಾದ್ದರಿಂದ ಓಡಾಡಿದಂತೆಲ್ಲ ನುಣುಪಾಗುತ್ತದೆ. ಯಾವ ತರಿ ನೆಲ ಹಾಕಿಸಿದರೂ ಬ್ರಷ್ಷಿನ ಕೆಲಸ ತಪ್ಪುವುದಿಲ್ಲ, ಇನ್ನೂ ಜಾಸ್ತಿಯೇ ಆಗುತ್ತದೆ. ಅಷ್ಟರವರೆಗೆ ಹಂಚಿನ ಮುಂದೆ ತೂತುಗಳಿರುವ ರಬ್ಬರ್ ಮ್ಯಾಟ್ ಹಾಕಬಹುದು. ಅಂಚು ಮಡಚಿಕೊಂಡು ಎಡವದ ಹಾಗೆ ನೋಡಿಕೊಳ್ಳಿ. ದಿನಾ ಎತ್ತಿ ಎರಡೂ ಬದಿ ತೊಳೆಯಿರಿ.

ಉಳಿದಿದ್ದು ಸಂಬಳದಲ್ಲಿ ಹಿಡಿದ ದುಡ್ಡು. ನಿಮ್ಮ ಉದ್ದೇಶ ಅರ್ಥವಾಗುತ್ತದೆ. ಆದರೆ ಅದನ್ನು ವಾಪಸ್ ಕೊಡಿ ಅಂತ ಕೇಳಿಕೊಳ್ಳುತ್ತೇನೆ. ತನ್ನ ದುಡ್ಡು ಹಾಕಿದ ಶೂವನ್ನು ಆ ಹುಡುಗ ಖಂಡಿತ ಜೋಪಾನ ಮಾಡುತ್ತಾನೆ. ಹೇಗೆ ಗೊತ್ತಾ? ಸೋಲು ಪೂರ್ತಿ ಸವೆದರೂ ಬಿಸಾಡುವುದಿಲ್ಲ. ಸವೆದಿದೆ ಅಂತ ನಿಮಗೆ ಹೇಳುವುದೂ ಇಲ್ಲ, ಹೇಳಿದರೆ ಮತ್ತೆ ಸಂಬಳ ಹಿಡಿಯುತ್ತೀರಿ ಅಂತ. ಹಬ್ಬಕ್ಕೆ ಊರಿಗೆ ಹೋಗುವಾಗ ಹಾಕಿಕೊಳ್ಳೋಣ ಅಂತ ಹೊಸ ಶೂ ಡಬ್ಬದಲ್ಲೇ ಇಟ್ಟು, ಹಂಚಿನ ಮುಂದೆ ಹಳೆ ಚಪ್ಪಲಿಯಲ್ಲಿ ನಿಂತವರನ್ನೂ ನಾನು ನೋಡಿದ್ದೇನೆ. ಶೂ ಹೋಟೆಲಿನದ್ದಾಗಿರಲಿ, ಹಂಚಿನ ಹಾಗೆ, ರುಬ್ಬುವ ಯಂತ್ರದ ಹಾಗೆ. ತಿಂಗಳಿಗೊಂದು ಸಲ ಎಲ್ಲರ ಶೂ ಸಾಲಾಗಿ ತಿರುಗಿಸಿ ಇಟ್ಟು, ನಾಣ್ಯ ಹಿಡಿದು ನೀವೇ ನೋಡಿ. ಮಣಿಕಟ್ಟು ಮುರಿದುಕೊಂಡ ಹುಡುಗ ವಾಪಸ್ ಬರುವ ದಿನ ಅವನ ಅಳತೆಯ ಹೊಸ ಜೋಡಿ ತರಿಸಿಟ್ಟಿರಿ. ಡಾಕ್ಟರ್ ಸರಿ ಅನ್ನುವವರೆಗೆ ಅವನ ಕೈಗೆ ಹಿಟ್ಟಿನ ಡಬರಿ ಕೊಡಬೇಡಿ.